ಪಾಳಿ ಎಷ್ಟ್ ಉದ್ದ ಅದ?

ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಊರಲ್ಲಿ ‘ಸರ್ವರ್’ ಎಂಬ ಮಾತಿಗೆ ಯಾರೂ ಅರ್ಥ ಕೇಳುವುದಿಲ್ಲ. ಪಹಣಿ ತೆಗೆಸಲು ಹೋದವರಿಗೆ, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಕಾದವರಿಗೆ, ಮಗಳ ಸ್ಕಾಲರ್‌ಶಿಪ್ಪಿಗೆಂದು ಜಾತಿ-ಆದಾಯದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದವರಿಗೆ ಅದು ಮನೆಮಾತು. ‘ಸರ್ವರ್ ಇಲ್ರಿ, ನಾಳಿ ಬರ್ರಿ’ ಎಂದರೆ ಮುಗಿಯಿತು, ಎದುರು ಮಾತಿಲ್ಲ. ಮಳಿ ಇಲ್ಲ, ಕರೆಂಟ್ ಇಲ್ಲ, ಸರ್ವರ್ ಇಲ್ಲ. ಮೂರಕ್ಕೂ ಒಂದೇ ನಿಟ್ಟುಸಿರು. ತೊಗರಿ ನಾಡಿನ ಜನ ಮೋಡ ನೋಡಿ ಮಳೆಯನ್ನಾದರೂ ಅಂದಾಜು ಮಾಡಬಲ್ಲರು. ಈ ಮೂರನೆಯದಕ್ಕೆ ನೋಡಲು ಮೋಡವೂ ಇಲ್ಲ.

ಈ ಮಾತು ನಮ್ಮ ಹಳ್ಳಿಗಳಿಗೆ ಬಂದು ಇಪ್ಪತ್ತು ವರ್ಷಕ್ಕೂ ಮೇಲಾಯಿತು. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದಾಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಹಾಳೆ ಕೈಗೆ ಬರುತ್ತಿತ್ತು. ಆಗ ಕಂಪ್ಯೂಟರು ಅದೇ ಕಟ್ಟಡದಲ್ಲಿತ್ತು. ಅದು ಕೆಟ್ಟರೆ ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು. ಆಮೇಲೆ ನೆಮ್ಮದಿ ಕೇಂದ್ರ, ಅಟಲ್‌ಜೀ ಜನಸ್ನೇಹಿ ಕೇಂದ್ರ, ಸೇವಾ ಸಿಂಧು, 2022ರಲ್ಲಿ ಗ್ರಾಮ ಒನ್ ಒಂದೊಂದಾಗಿ ಬಂದವು. ಕಿಟಕಿ ಊರ ಹತ್ತಿರ ಬರುತ್ತಾ ಹೋದಂತೆ ಯಂತ್ರ ದೂರ ಹೋಯಿತು. ಈಗ ಕಿಟಕಿಯಲ್ಲಿ ಕೂತ ಹುಡುಗನಿಗೂ ಹೊರಗೆ ನಿಂತ ರೈತನಿಗೂ ಕಾಣುವುದು ಒಂದೇ: ತಿರುಗುತ್ತಿರುವ ಒಂದು ಚಕ್ರ. ಯಂತ್ರ ಇರುವುದು ಆರುನೂರು ಕಿಲೋಮೀಟರ್ ಆಚೆಯ ಬೆಂಗಳೂರಿನಲ್ಲೋ ಇನ್ನೆಲ್ಲೋ.

‘ಸರ್ವರ್ ಇಲ್ಲ’ ಎಂಬ ಒಂದೇ ಹೆಸರಿನ ಕೆಳಗೆ ಹತ್ತು ರೋಗಗಳು ಅಡಗಿವೆ. ಊರಿನ ಟವರ್ ಸತ್ತಿರಬಹುದು, ಬೆರಳಚ್ಚಿನ ಯಂತ್ರಕ್ಕೆ ಸವೆದ ಹೆಬ್ಬೆಟ್ಟು ತಿಳಿಯದಿರಬಹುದು, ಆಧಾರ್ ತಾಳೆ ನೋಡುವ ಇನ್ನೊಂದು ಯಂತ್ರ ಮಲಗಿರಬಹುದು. ಅವನ್ನೆಲ್ಲ ಬದಿಗಿಟ್ಟು ಒಂದೇ ರೋಗದ ಮಾತಾಡುತ್ತೇನೆ, ಅತಿ ಹೆಚ್ಚು ತಪ್ಪು ತಿಳಿವಳಿಕೆಗೆ ಸಿಕ್ಕಿದ ರೋಗ ಅದು. ಸರ್ವರ್ ಬಿದ್ದಿರುವುದಿಲ್ಲ. ಎದ್ದೇ ನಿಂತಿರುತ್ತದೆ, ಉಸಿರಾಡುತ್ತಿರುತ್ತದೆ, ‘ಹೇಗಿದ್ದೀ?’ ಎಂದರೆ ‘ಚಲೋ ಇದ್ದೀನಿ’ ಎನ್ನುತ್ತದೆ. ಒಳಗೆ ಜಾಗ ಇರುವುದಿಲ್ಲ, ಅಷ್ಟೆ.

ಕಲಬುರಗಿಯ ಒಂದು ಜೋಳದ ರೊಟ್ಟಿ ಖಾನಾವಳಿ ನೆನೆಸಿಕೊಳ್ಳಿ. ಬಾಗಿಲಲ್ಲಿ ಒಬ್ಬ ಚುರುಕು ಹುಡುಗ. ನೀರು ಬೇಕೆ, ಉಪ್ಪಿನಕಾಯಿ ಬೇಕೆ, ತಟ್ಟನೆ ತಾನೇ ತಂದಿಡುತ್ತಾನೆ. ಬಿಸಿ ರೊಟ್ಟಿ ಬೇಕೆಂದರೆ ಮಾತ್ರ ಒಳಗೆ ಕೂಗಬೇಕು. ಒಳಗೆ ಒಲೆಯ ಮುಂದೆ ಐದು ಮಂದಿ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಿದ್ದಾರೆ, ಒಬ್ಬೊಬ್ಬರು ಒಂದು ಹೊತ್ತಿಗೆ ಒಂದೇ ರೊಟ್ಟಿ. ಜಾಲತಾಣ ನಡೆಯುವುದೂ ಹೀಗೇ. ಬಾಗಿಲ ಹುಡುಗನ ಕೆಲಸವನ್ನು ಎಂಜಿನ್‌ಎಕ್ಸ್, ಅಪಾಚೆ ಎಂಬ ತಂತ್ರಾಂಶಗಳು ಮಾಡುತ್ತವೆ. ಚಿತ್ರ, ಬಣ್ಣ, ಲೋಗೊ ಇಂಥ ಸಿದ್ಧ ಸರಕನ್ನು ಅವೇ ಕೊಟ್ಟು ಕಳಿಸುತ್ತವೆ. ‘ಸರ್ವೆ ನಂಬರ್ ಇಷ್ಟರ ಪಹಣಿ ತೋರಿಸು’ ಎಂದಂತೆ ಅಲ್ಲೇ ಬಡಿದು ಕೊಡಬೇಕಾದ ಪುಟ ಇದ್ದರೆ ಒಳಗಿನ ಸ್ಕ್ರಿಪ್ಟ್ ಸೇವೆಗೆ ದಾಟಿಸುತ್ತವೆ. ಪಿಎಚ್‌ಪಿ ಭಾಷೆಯ ತಾಣಗಳಲ್ಲಿ ಆ ಅಡುಗೆಮನೆಯ ಹೆಸರು ಪಿಎಚ್‌ಪಿ-ಎಫ್‌ಪಿಎಂ. ಅದರಲ್ಲಿ ಒಂದು ಮೇಸ್ತ್ರಿ ಪ್ರೋಸೆಸ್ ಇರುತ್ತದೆ, ಅದರ ಕೈಕೆಳಗೆ ಒಂದಷ್ಟು ಕೆಲಸಗಾರ ಪ್ರೋಸೆಸ್‌ಗಳು. ಅದರ ಜೊತೆ ಬರುವ ಮಾದರಿ ಕಡತದಲ್ಲಿ ಕೆಲಸಗಾರರ ಗರಿಷ್ಠ ಸಂಖ್ಯೆ ನಮ್ಮ ಖಾನಾವಳಿಯಷ್ಟೇ, 5. ಎಷ್ಟೋ ತಾಣಗಳು ಆ 5ನ್ನು ಮುಟ್ಟದೆಯೇ ವರ್ಷಗಟ್ಟಲೆ ನಡೆದು ಜಾತ್ರೆಯ ದಿನ ಮುಗ್ಗರಿಸುತ್ತವೆ.

ನಮ್ಮ ಸರಕಾರಿ ಪೋರ್ಟಲ್‌ಗಳೆಲ್ಲ ಪಿಎಚ್‌ಪಿಯಲ್ಲಿವೆ ಎಂದು ಇದರ ಅರ್ಥವಲ್ಲ. ಭೂಮಿಯ ಪುಟಗಳ ವಿಳಾಸದ ಬಾಲ ನೋಡಿದರೆ ‘ಎಎಸ್‌ಪಿಎಕ್ಸ್’ ಎಂದಿರುತ್ತದೆ. ಅದು ಮೈಕ್ರೋಸಾಫ್ಟ್ ಮನೆತನದ್ದು. ಒಲೆ ಬೇರೆ, ರೊಟ್ಟಿಯ ಲೆಕ್ಕ ಅದೇ. ನಾನು ಪಿಎಚ್‌ಪಿಯನ್ನು ಆರಿಸಿಕೊಂಡಿದ್ದಕ್ಕೆ ಎರಡು ಕಾರಣ: ಅದರ ಅಡುಗೆಮನೆಯ ಕಿಟಕಿ ಯಾರು ಬೇಕಾದರೂ ಇಣುಕುವಷ್ಟು ಸರಳ. ಇನ್ನೊಂದು, ನಾವೆಲ್ಲ ದಿನವೂ ಬಳಸುವ ಒಂದು ದೊಡ್ಡ ಕನ್ನಡ ತಾಣ ಅದರ ಮೇಲೆಯೇ ನಿಂತಿದೆ. ಆ ಕಥೆಗೆ ಮುಂದೆ ಬರುತ್ತೇನೆ.

ಪಿಎಚ್‌ಪಿ ಹುಟ್ಟಿದ್ದೇ ಕಾವಲಿಗಾಗಿ ಎಂಬುದು ಸೋಜಿಗ. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ತನ್ನ ಬಯೊಡೇಟಾವನ್ನು ಜಾಲದಲ್ಲಿ ಹಾಕಿದ್ದ. ಅದನ್ನು ಯಾರು ಯಾರು ಬಂದು ನೋಡಿದರು ಎಂದು ಲೆಕ್ಕವಿಡಲು ಬರೆದ ಸಣ್ಣ ಸಲಕರಣೆಗಳೇ ಪಿಎಚ್‌ಪಿಯ ಬೀಜ. 1995ರ ಜೂನ್‌ನಲ್ಲಿ ಅವನು ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಆ ಕಾಲದಲ್ಲಿ ಪ್ರತಿ ಗಿರಾಕಿ ಬಂದಾಗಲೂ ಹೊಸದಾಗಿ ಒಲೆ ಹೂಡಿ, ಒಂದು ರೊಟ್ಟಿ ಸುಟ್ಟು, ಒಲೆ ಆರಿಸುವ ಪದ್ಧತಿ ಇತ್ತು. ಒಲೆಯನ್ನು ಉರಿಯುತ್ತಲೇ ಇಡುವ ಫಾಸ್ಟ್‌ಸಿಜಿಐ ಎಂಬ ಉಪಾಯ ಆಮೇಲಿನದು. ಅದನ್ನು ಪಿಎಚ್‌ಪಿಗೆ ಚೆನ್ನಾಗಿ ಹೊಂದಿಸಿದವನು ಆಂದ್ರೇ ನಿಗ್ಮತುಲ್ಲಿನ್. ಅವನ ಕೆಲಸ ಬಹುಕಾಲ ಹೊರಗಿನ ತೇಪೆಯಾಗಿದ್ದು, 2010ರ ಜುಲೈನಲ್ಲಿ 5.3.3 ಆವೃತ್ತಿಯೊಂದಿಗೆ ಪಿಎಚ್‌ಪಿಯ ಒಳಗೇ ಸೇರಿತು. ಬಂದು ಹೋದವರನ್ನು ಎಣಿಸಲು ಹುಟ್ಟಿದ ಭಾಷೆಯನ್ನೇ ನಾವೀಗ ಎಣಿಸಬೇಕಾಗಿದೆ.

ಎಣಿಸುವುದು ಕಷ್ಟವೂ ಅಲ್ಲ. ಎಫ್‌ಪಿಎಂನ ಸಂರಚನಾ ಕಡತದಲ್ಲಿ ‘ಪಿಎಂ ಡಾಟ್ ಸ್ಟೇಟಸ್ ಪಾತ್’ ಎಂಬ ಒಂದು ಸಾಲು ಅರೆನಿದ್ರೆಯಲ್ಲಿ ಬಿದ್ದಿರುತ್ತದೆ, ಮುಂದೆ ಒಂದು ಅರ್ಧವಿರಾಮ ಚಿಹ್ನೆ ಹೊದ್ದುಕೊಂಡು. ಆ ಚಿಹ್ನೆ ಅಳಿಸಿ, ಸೇವೆಯನ್ನು ಮತ್ತೆ ಲೋಡ್ ಮಾಡಿ, ಬಾಗಿಲ ಹುಡುಗನಿಗೆ ‘ಈ ವಿಳಾಸ ಕೇಳಿದರೆ ಒಳಗೆ ಬಿಡು’ ಎಂದು ಹೇಳಿದರೆ ಹತ್ತು-ಹದಿನೈದು ಸಾಲಿನ ಒಂದು ಪುಟ ತೆರೆಯುತ್ತದೆ. ಬಣ್ಣವಿಲ್ಲ, ಅಲಂಕಾರವಿಲ್ಲ, ಕಿರಾಣಿ ಅಂಗಡಿಯ ಉದ್ರಿ ಚೀಟಿಯಂತೆ ಬರೀ ಹೆಸರು ಮತ್ತು ಅಂಕಿ. ಈ ಕ್ಷಣ ಎಷ್ಟು ಕೆಲಸಗಾರರು ದುಡಿಯುತ್ತಿದ್ದಾರೆ, ಎಷ್ಟು ಮಂದಿ ಖಾಲಿ ಕೂತಿದ್ದಾರೆ. ಸೇವೆ ಶುರುವಾದಂದಿನಿಂದ ಎಷ್ಟು ಗಿರಾಕಿ ಬಂದರು. ಒಂದೇ ಹೊತ್ತಿಗೆ ಅತಿ ಹೆಚ್ಚು ಎಂದರೆ ಎಷ್ಟು ಕೈಗಳು ದುಡಿದವು. ‘ಇನ್ನೊಬ್ಬ ಕೆಲಸಗಾರ ಬೇಕಿತ್ತು, ಆದರೆ ಗರಿಷ್ಠ ಮುಟ್ಟಿದೆ’ ಎಂದು ಮೇಸ್ತ್ರಿ ಎಷ್ಟು ಸಲ ಕೈ ಚೆಲ್ಲಿದ. ನಿಧಾನವಾದ ಕೋರಿಕೆಗಳು ಎಷ್ಟು. ಇವುಗಳ ನಡುವೆ ಎಲ್ಲರೂ ದಾಟಿ ಹೋಗುವ ಒಂದು ಸಾಲಿದೆ: ‘ಲಿಸನ್ ಕ್ಯೂ’. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಪಾಳಿ. ಒಳಗೆ ಕೈ ಖಾಲಿಯಿಲ್ಲದೆ ಬಾಗಿಲಲ್ಲಿ ಎಷ್ಟು ಮಂದಿ ನಿಂತಿದ್ದಾರೆ.

ಈ ಅಂಕಿ ಸದಾ 0 ಇರಬೇಕು. ಒಮ್ಮೊಮ್ಮೆ 2-3 ಆಗಿ ಮರುಕ್ಷಣ 0ಗೆ ಇಳಿದರೆ ಚಿಂತೆಯಿಲ್ಲ, ಗಿರಣಿಯ ಮುಂದೆ ಎರಡು ಜೋಳದ ಡಬ್ಬಿ ಇದ್ದಂತೆ. ಇಳಿಯದೇ ಏರುತ್ತಿದ್ದರೆ ಬೇರೆ ಯಾವ ಅಂಕಿಯನ್ನೂ ನೋಡಬೇಕಿಲ್ಲ.

ಇಲ್ಲಿ ಎರಡು ಹೊಂಡಗಳಿವೆ, ಎರಡರಲ್ಲೂ ಅನುಭವಸ್ಥರೇ ಬೀಳುತ್ತಾರೆ. ಬಾಗಿಲ ಹುಡುಗನೂ ಅಡುಗೆಮನೆಯೂ ಒಂದೇ ಯಂತ್ರದಲ್ಲಿದ್ದರೆ ಅವರಿಬ್ಬರು ಸಾಮಾನ್ಯವಾಗಿ ಯೂನಿಕ್ಸ್ ಸಾಕೆಟ್ ಎಂಬ ಒಳಕಿಂಡಿಯ ಮೂಲಕ ಮಾತಾಡುತ್ತಾರೆ. ಲಿನಕ್ಸ್‌ನಲ್ಲಿ ಈ ಒಳಕಿಂಡಿಯ ಪಾಳಿಯನ್ನು ಎಫ್‌ಪಿಎಂ ಅಳೆಯುವುದಿಲ್ಲ, ಸುಮ್ಮನೆ 0 ಎಂದು ಬರೆಯುತ್ತದೆ. ಬಾಗಿಲಲ್ಲಿ ನೂಕುನುಗ್ಗಲಾಗಿ ಅಂಗಿ ಹರಿಯುತ್ತಿದ್ದರೂ ಚೀಟಿಯಲ್ಲಿ ಸೊನ್ನೆ. ಟಿಸಿಪಿ ಪೋರ್ಟ್ ಎಂಬ ಜಾಲದ ಬಾಗಿಲು ಬಳಸಿದರೆ ಮಾತ್ರ ಲೆಕ್ಕ ಸರಿ ಸಿಗುತ್ತದೆ. ಇಲ್ಲದಿದ್ದರೆ ‘ಎಸ್‌ಎಸ್’ ಎಂಬ ಪುಟ್ಟ ಆದೇಶದಿಂದ ಪಾಳಿಯನ್ನು ಹೊರಗಿನಿಂದ ಎಣಿಸಬೇಕು. ಸೊನ್ನೆಯಲ್ಲಿ ಎರಡು ಜಾತಿ ಇವೆ ಎಂಬುದು ಲೆಕ್ಕಪತ್ರ ನೋಡಿದ ಯಾರಿಗೂ ಹೊಸದಲ್ಲ: ‘ಯಾರೂ ಬಂದಿಲ್ಲ’ ಎನ್ನುವ ಸೊನ್ನೆ, ‘ನಾನು ನೋಡಿಲ್ಲ’ ಎನ್ನುವ ಸೊನ್ನೆ.

ಎರಡನೆಯ ಹೊಂಡ ಇನ್ನೂ ಸ್ವಾರಸ್ಯದ್ದು. ಸ್ಥಿತಿಯ ಈ ಚೀಟಿಯನ್ನು ಬರೆದು ಕೊಡುವುದೂ ಅದೇ ಕೆಲಸಗಾರರಲ್ಲಿ ಒಬ್ಬರು. ಐದು ಮಂದಿಯ ಕೈಯಲ್ಲೂ ಹಿಟ್ಟಿದ್ದರೆ ‘ಎಷ್ಟು ಜನ ಕಾಯುತ್ತಿದ್ದಾರೆ?’ ಎಂದು ಕೇಳಲು ಬಂದವನೂ ಅದೇ ಪಾಳಿಯ ತುದಿಯಲ್ಲಿ ನಿಲ್ಲಬೇಕು. ಯಾವಾಗ ಈ ಅಂಕಿ ಅತ್ಯಂತ ಬೇಕೋ ಆಗಲೇ ಅದು ಸಿಗುವುದಿಲ್ಲ! ‘ಪಿಂಗ್’ ಎಂದು ಕೇಳಿದರೆ ‘ಪಾಂಗ್’ ಎನ್ನುವ ಇನ್ನೊಂದು ಸೌಲಭ್ಯವೂ ಇದೆ, ಅದರ ಗತಿಯೂ ಇದೇ. 2020ರ ನವೆಂಬರಿನಲ್ಲಿ ಬಂದ ಪಿಎಚ್‌ಪಿ 8.0ರಲ್ಲಿ ಇದಕ್ಕೊಂದು ಪರಿಹಾರ ಸಿಕ್ಕಿತು. ‘ಪಿಎಂ ಡಾಟ್ ಸ್ಟೇಟಸ್ ಲಿಸನ್’ ಎಂಬ ಸಾಲಿನಲ್ಲಿ ಬೇರೆ ವಿಳಾಸ ಕೊಟ್ಟರೆ ಮೇಸ್ತ್ರಿ ಪಕ್ಕದಲ್ಲಿ ಯಾರಿಗೂ ಕಾಣದ ಇನ್ನೊಂದು ಸಣ್ಣ ಒಲೆ ಹೂಡುತ್ತಾನೆ. ಅಲ್ಲಿ ರೊಟ್ಟಿ ಬಡಿಯುವುದಿಲ್ಲ, ಲೆಕ್ಕ ಮಾತ್ರ ಹೇಳುತ್ತಾರೆ. ಹಳೆಯ ಆವೃತ್ತಿಗಳಲ್ಲಿ ಉತ್ತರ ಬಾರದಿರುವುದನ್ನೇ ಉತ್ತರವೆಂದು ಓದಬೇಕು. ಎರಡು ಸೆಕೆಂಡಿನೊಳಗೆ ಪಾಂಗ್ ಬರಲಿಲ್ಲವೆಂದರೆ ಒಳಗೆ ಬಿಡುವಿಲ್ಲ ಎಂದೇ ಲೆಕ್ಕ.

ನನ್ನದೊಂದು ಪಾಡು ಹೇಳುತ್ತೇನೆ. ಗೆಳೆಯನೊಬ್ಬನ ಸಣ್ಣ ತಾಣವೊಂದನ್ನು ನಾನು ನೋಡಿಕೊಳ್ಳುತ್ತಿದ್ದೆ. ಕಾವಲಿಗೆಂದು ನಿಮಿಷಕ್ಕೊಮ್ಮೆ ಮುಖಪುಟದ ಲೋಗೊ ಬರುತ್ತದೆಯೇ ಎಂದು ನೋಡುವ ವ್ಯವಸ್ಥೆ ಮಾಡಿ ನೆಮ್ಮದಿಯಾಗಿದ್ದೆ. ಒಂದು ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಒಬ್ಬರಿಗೂ ಒಂದು ಅರ್ಜಿ ತುಂಬಲು ಆಗಲಿಲ್ಲ. ನನ್ನ ಕಾವಲುಗಾರ ಮಾತ್ರ ಇಡೀ ಹೊತ್ತು ಹಸಿರು ಬಾವುಟ ಬೀಸುತ್ತಿದ್ದ. ಲೋಗೊ ಬಾಗಿಲ ಹುಡುಗನ ಕೈಯ ಉಪ್ಪಿನಕಾಯಿ. ಅದನ್ನು ಕೇಳಿ ರೊಟ್ಟಿ ಆಗುತ್ತಿದೆಯೇ ಎಂದು ತಿಳಿಯಲು ಹೊರಟಿದ್ದೆ ನಾನು.

ಇನ್ನು ಪಾಳಿ ಯಾಕೆ ಬೆಳೆಯುತ್ತದೆ ಎಂಬ ಮಾತು. ‘ಜನ ಜಾಸ್ತಿ ಬಂದರು’ ಎಂಬುದು ಮೊದಲು ಹೊಳೆಯುವ ಉತ್ತರ. ಬಹಳ ಸಲ ಜನ ಅಷ್ಟೇ ಇರುತ್ತಾರೆ, ರೊಟ್ಟಿ ನಿಧಾನವಾಗಿರುತ್ತದೆ. 1909ರಲ್ಲೇ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಆಗ್ನರ್ ಎರ್ಲಾಂಗ್ ಫೋನ್ ಕರೆಗಳ ಪಾಳಿಯ ಗಣಿತ ಬರೆದಿದ್ದ. 1961ರಲ್ಲಿ ಜಾನ್ ಲಿಟಲ್ ಅದಕ್ಕೊಂದು ಸರಳ ನಿಯಮ ಸಾಧಿಸಿ ತೋರಿಸಿದ: ಸೆಕೆಂಡಿಗೆ ಬರುವವರ ಸಂಖ್ಯೆಯನ್ನು ಒಬ್ಬೊಬ್ಬರಿಗೆ ಹಿಡಿಯುವ ಸೆಕೆಂಡುಗಳಿಂದ ಗುಣಿಸಿದರೆ ಒಂದು ಹೊತ್ತಿಗೆ ಒಳಗಿರುವವರ ಸಂಖ್ಯೆ ಸಿಗುತ್ತದೆ. ಲೆಕ್ಕ ಹಾಕಿ. ಸೆಕೆಂಡಿಗೆ 20 ಕೋರಿಕೆ, ಒಂದೊಂದಕ್ಕೆ 0.2 ಸೆಕೆಂಡ್. ಸರಾಸರಿ 4 ಕೆಲಸಗಾರರು ಸಾಕು. ಈಗ ಹಿಂದಿನ ಡೇಟಾಬೇಸ್ ಯಾವುದೋ ಕಾರಣಕ್ಕೆ ತಡವರಿಸಿ ಒಂದೊಂದು ಕೋರಿಕೆಗೆ 5 ಸೆಕೆಂಡ್ ಹಿಡಿಯತೊಡಗಿತು ಎನ್ನೋಣ. ಅದೇ 20 ಮಂದಿಗೆ 100 ಕೆಲಸಗಾರರು ಬೇಕು. ನಮ್ಮಲ್ಲಿ 40 ಇದ್ದಾರೆ. ಅವರು ಸೆಕೆಂಡಿಗೆ 8 ಕೆಲಸ ಮುಗಿಸುತ್ತಾರೆ, 12 ಉಳಿಯುತ್ತವೆ. ಎಫ್‌ಪಿಎಂ ಬಾಗಿಲ ಪಾಳಿಗೆ ಸಾಮಾನ್ಯವಾಗಿ 511ರ ಮಿತಿ ಇಟ್ಟುಕೊಂಡಿರುತ್ತದೆ. ಸೆಕೆಂಡಿಗೆ 12ರಂತೆ ಅದು ತುಂಬಲು ಮುಕ್ಕಾಲು ನಿಮಿಷವೂ ಬೇಡ. ಎಂದಿಗಿಂತ ಒಬ್ಬನೇ ಒಬ್ಬ ಹೆಚ್ಚಿನ ಗಿರಾಕಿ ಬರದೆ, ಮುಕ್ಕಾಲು ನಿಮಿಷದಲ್ಲಿ ಖಾನಾವಳಿ ಕುಸಿಯಿತು.

ಆಮೇಲಿನದು ನಮಗೆಲ್ಲ ಗೊತ್ತಿರುವ ನಾಟಕ. ಬಾಗಿಲ ಹುಡುಗ 60 ಸೆಕೆಂಡ್ ಕಾದು ‘504’ ಎನ್ನುತ್ತಾನೆ. ಒಳಕಿಂಡಿಯ ಪಾಳಿಯಲ್ಲಿ ಜಾಗವೇ ಇಲ್ಲದಿದ್ದರೆ ‘502’ ಎನ್ನುತ್ತಾನೆ. ಕಿಟಕಿಯ ಹುಡುಗ ಮತ್ತೆ ರಿಫ್ರೆಶ್ ಒತ್ತುತ್ತಾನೆ, ಮತ್ತೆ ಒತ್ತುತ್ತಾನೆ. ಒತ್ತಿದ್ದೆಲ್ಲ ಹೊಸ ಕೋರಿಕೆ. ಒಳಗಿನವಳಿಗೆ ಮೊದಲಿನ ಗಿರಾಕಿ ಎದ್ದುಹೋದದ್ದು ತಿಳಿದಿರುವುದಿಲ್ಲ, ಕೈಯಲ್ಲಿರುವ ಹಿಟ್ಟನ್ನು ಬಡಿಯುತ್ತಲೇ ಇರುತ್ತಾಳೆ. ಆಳಂದ, ಅಫಜಲಪುರ, ಜೇವರ್ಗಿಯ ಕಿಟಕಿಗಳಲ್ಲಿ ಒಟ್ಟಿಗೆ ರಿಫ್ರೆಶ್ ಒತ್ತುತ್ತಿರುವ ಬೆರಳುಗಳನ್ನು ಕಣ್ಣಿಗೆ ತಂದುಕೊಂಡರೆ ಸಂಜೆಯವರೆಗೂ ಸರ್ವರ್ ಯಾಕೆ ಏಳುವುದಿಲ್ಲ ಎಂಬುದು ಅರ್ಥವಾದೀತು.

ಹಾಗಾದರೆ ಕೆಲಸಗಾರರನ್ನೇ ಹೆಚ್ಚಿಸಿದರಾಯಿತಲ್ಲ? ಲಾಗ್ ಕಡತದಲ್ಲಿ ಎಫ್‌ಪಿಎಂ ಕೂಡ ‘ಮಿತಿ ಮುಟ್ಟಿದೆ, ಏರಿಸುವುದನ್ನು ಯೋಚಿಸು’ ಎಂದು ಪುಕ್ಕಟೆ ಸಲಹೆ ಬರೆಯುತ್ತದೆ. ಕೇಳುವ ಮುಂಚೆ ಮೆಮೊರಿ ನೋಡಬೇಕು. ಯಂತ್ರದಲ್ಲಿ 4 ಜಿಬಿ ಇದೆ, ಡೇಟಾಬೇಸಿಗೂ ಉಳಿದವಕ್ಕೂ ಒಂದೂವರೆ ತೆಗೆದಿಟ್ಟರೆ ಎರಡೂವರೆ ಜಿಬಿ. ಒಬ್ಬ ಕೆಲಸಗಾರ 60 ಎಂಬಿ ತಿಂದರೆ 40 ಮಂದಿಗೆ ಕೂಳು. 100 ಎಂದು ಬರೆದರೆ ಕಡತ ಒಪ್ಪುತ್ತದೆ, ಯಂತ್ರ ಒಪ್ಪುವುದಿಲ್ಲ. ಮೆಮೊರಿ ಮುಗಿದು ಡಿಸ್ಕಿನ ಕಡೆ ಕೈ ಚಾಚುತ್ತದೆ, ಎಲ್ಲರೂ ಇನ್ನಷ್ಟು ನಿಧಾನ, ಕೊನೆಗೆ ಲಿನಕ್ಸ್ ತಾನೇ ಯಾರನ್ನಾದರೂ ಹಿಡಿದು ಕೊಲ್ಲುತ್ತದೆ. ಬಹಳ ಸಲ ಬಲಿಯಾಗುವುದು ಎಲ್ಲರಿಗಿಂತ ಹೆಚ್ಚು ಮೆಮೊರಿ ಹಿಡಿದ ಡೇಟಾಬೇಸ್. ಅದರೊಂದಿಗೆ ಎಲ್ಲ ರೊಟ್ಟಿಗೂ ಹಿಟ್ಟು ಹೋಯಿತು.

ಸರಿಯಾದ ಪ್ರಶ್ನೆ ‘ಯಾಕೆ ನಿಧಾನ?’ ಎಂಬುದು. ಅದಕ್ಕೂ ಎಫ್‌ಪಿಎಂ ಒಂದು ಡೈರಿ ಇಟ್ಟಿದೆ, ‘ಸ್ಲೋ ಲಾಗ್’. ಇಷ್ಟು ಸೆಕೆಂಡ್ ಮೀರಿದ ಕೋರಿಕೆ ಯಾವುದು, ಕೋಡಿನ ಯಾವ ಕಡತದ ಯಾವ ಸಾಲಿನಲ್ಲಿ ಅದು ಕಾಲು ಚಾಚಿ ಕೂತಿತ್ತು ಎಂದು ಬರೆದಿಡುತ್ತದೆ. ಇದನ್ನು ಆನ್ ಮಾಡಿದ ಮೊದಲ ದಿನವೇ ಅಪರಾಧಿ ಸಿಗುವುದನ್ನು ಹಲವು ಸಲ ನೋಡಿದ್ದೇನೆ: ಸೂಚಿ ಇಲ್ಲದ ಡೇಟಾಬೇಸ್ ಕೋಷ್ಟಕ, ಉತ್ತರ ಕೊಡದ ಎಸ್ಸೆಮ್ಮೆಸ್ ಸೇವೆ, ಪ್ರತಿ ಪುಟಕ್ಕೂ ಹೊರಗಿನ ಇನ್ನೊಂದು ಸರ್ವರ್ ಕೇಳುವ ಅಡ್ಡಕಸುಬಿ ಕೋಡು. ಪಿಎಚ್‌ಪಿಯಲ್ಲಿ 30 ಸೆಕೆಂಡಿನ ಓಟದ ಮಿತಿ ಇದೆಯಲ್ಲ ಎಂದು ನಂಬಿ ಕೂರುವವರಿದ್ದಾರೆ. ಲಿನಕ್ಸ್‌ನಲ್ಲಿ ಆ ಮಿತಿ ಲೆಕ್ಕ ಹಿಡಿಯುವುದು ಪಿಎಚ್‌ಪಿ ತಾನೇ ದುಡಿದ ಹೊತ್ತನ್ನು ಮಾತ್ರ. ಡೇಟಾಬೇಸಿನ ಉತ್ತರಕ್ಕೆ ಬಾಯಿ ಬಿಟ್ಟು ಕಾದ ಹೊತ್ತು ಲೆಕ್ಕಕ್ಕೇ ಇಲ್ಲ. ಕಾಯುತ್ತಾ ಕೂತವಳನ್ನು ಎಬ್ಬಿಸಬೇಕೆಂದರೆ ಎಫ್‌ಪಿಎಂನ ಬೇರೆ ಮಿತಿಯನ್ನು ನಾವೇ ಬರೆಯಬೇಕು, ಅದು ಹುಟ್ಟಿನಿಂದ ಆಫ್ ಆಗಿರುತ್ತದೆ.

ಈಗ ಆ ದೊಡ್ಡ ಕನ್ನಡ ತಾಣದ ಕಥೆ. 2003ರ ಜೂನ್‌ನಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ, ಮೀಡಿಯಾವಿಕಿ ಬರೆದಿರುವುದು ಪಿಎಚ್‌ಪಿಯಲ್ಲಿ. ಕಲಬುರಗಿಯಲ್ಲಿ ಕೂತು ‘ಆಳಂದ’ ಎಂಬ ಲೇಖನ ಓದಿದರೆ ಪುಟ ಬಹುತೇಕ ಸಿಂಗಾಪುರದ ಡೇಟಾ ಕೇಂದ್ರದಿಂದ ಬರುತ್ತದೆ. ಏಷ್ಯಾದ ಓದುಗರಿಗೆಂದು 2018ರಲ್ಲಿ ತೆರೆದ ಆ ಕೇಂದ್ರದಲ್ಲಿ ಮೊದಲೇ ಸಿದ್ಧಪಡಿಸಿದ ಪುಟಗಳ ಪ್ರತಿ ಇರುತ್ತದೆ. ಅಲ್ಲಿ ಪಿಎಚ್‌ಪಿಯ ಮಾತೇ ಬರುವುದಿಲ್ಲ, ಡಬ್ಬಿಯಲ್ಲಿಟ್ಟ ಕಟಕ್ ರೊಟ್ಟಿ ಎತ್ತಿಕೊಟ್ಟಂತೆ. ಅದೇ ಲೇಖನದಲ್ಲಿ ಒಂದು ಕಾಗುಣಿತ ತಿದ್ದಿ ‘ಪ್ರಕಟಿಸು’ ಒತ್ತಿದರೆ ಮಾತ್ರ ಕೋರಿಕೆ ಸಾಗರ ದಾಟಿ ಅಮೆರಿಕದ ವರ್ಜೀನಿಯಾದಲ್ಲೋ ಟೆಕ್ಸಸ್‌ನಲ್ಲೋ ಇರುವ ಪಿಎಚ್‌ಪಿ ಕೆಲಸಗಾರನ ಕೈಗೆ ಹೋಗುತ್ತದೆ. ಆದ್ದರಿಂದ ಓದುಗರಿಗೆಲ್ಲ ವಿಕಿಪೀಡಿಯ ಚೆನ್ನಾಗಿ ಕಾಣುತ್ತಿರುವಾಗಲೇ ಸಂಪಾದಕರಿಗೆ ಒಂದು ಅಕ್ಷರ ತಿದ್ದಲು ಆಗದ ಪರಿಸ್ಥಿತಿ ಬರಬಹುದು. ಬರೀ ಮುಖಪುಟ ನೋಡುವ ಕಾವಲುಗಾರನಿಗೆ ಇದು ತಿಳಿಯುವುದೇ ಇಲ್ಲ.

ವಿಕಿಮೀಡಿಯದ ಎಂಜಿನಿಯರುಗಳು 2019ರಲ್ಲಿ ತಮ್ಮ ಹಳೆಯ ಎಂಜಿನ್ ಬಿಟ್ಟು ಪಿಎಚ್‌ಪಿ-ಎಫ್‌ಪಿಎಂಗೆ ಬಂದರು. ಅವರನ್ನು ನಡುರಾತ್ರಿ ಎಬ್ಬಿಸುವ ಎಚ್ಚರಿಕೆಗಳಲ್ಲಿ ಒಂದರ ಒಕ್ಕಣೆ, ಕನ್ನಡಿಸಿದರೆ, ‘ಖಾಲಿ ಕೂತ ಎಫ್‌ಪಿಎಂ ಕೆಲಸಗಾರರು ಸಾಲದು’ ಎಂಬುದು. ಗಮನಿಸಿ, ಸರ್ವರ್ ಬಿತ್ತು ಎಂದು ಅದು ಹೇಳುವುದಿಲ್ಲ. ಖಾಲಿ ಕೈಗಳು ಕಡಿಮೆಯಾಗುತ್ತಿವೆ, ಈಗ ನೋಡದಿದ್ದರೆ ಬೀಳುತ್ತದೆ ಎನ್ನುತ್ತದೆ. ಈ ಲೆಕ್ಕಗಳ ನಕ್ಷೆಗಳನ್ನು ಅವರು ಗ್ರಾಫಾನಾ ಎಂಬ ತಂತ್ರಾಂಶದಲ್ಲಿ ಬಿಡಿಸಿ ಲೋಕಕ್ಕೆ ತೆರೆದಿಟ್ಟಿದ್ದಾರೆ. ಕಿಣ್ಣಿ ಸುಲ್ತಾನದಲ್ಲಿ ಮೊಬೈಲ್ ಹಿಡಿದ ಪಿಯುಸಿ ಹುಡುಗಿಯೂ ಬೇಕೆಂದರೆ ಅವನ್ನು ನೋಡಬಹುದು. ಸರಕಾರವೂ ಅಲ್ಲದ, ದೇಣಿಗೆಯಲ್ಲಿ ಬದುಕುವ ಒಂದು ಸಂಸ್ಥೆ ತನ್ನ ಅಡುಗೆಮನೆಯ ಬಾಗಿಲನ್ನು ಹೀಗೆ ತೆರೆದಿಟ್ಟಿರುವುದು ನನಗೆ ಅದರ ಲೇಖನಗಳಷ್ಟೇ ದೊಡ್ಡದಾಗಿ ಕಾಣುತ್ತದೆ.

ನಮ್ಮಲ್ಲಿ ಜಾತ್ರೆಯ ದಿನಗಳು ಮುಂಚೆಯೇ ಗೊತ್ತಿರುತ್ತವೆ. ಮುಂಗಾರಿನ ಬೆಳೆ ವಿಮೆಯಲ್ಲಿ ಹೆಚ್ಚಿನ ಬೆಳೆಗಳಿಗೆ ಸಾಮಾನ್ಯವಾಗಿ ಜುಲೈ 31 ಕೊನೆಯ ದಿನ. ಆ ವಾರ ಕಲಬುರಗಿ ಜಿಲ್ಲೆಯ ತೊಗರಿ ಬೆಳೆಗಾರರೆಲ್ಲ ಪಹಣಿ, ಬ್ಯಾಂಕ್ ಪಾಸ್‌ಬುಕ್, ಆಧಾರ್ ಹಿಡಿದು ಹೊರಡುತ್ತಾರೆ. 2023ರ ಜುಲೈ 19ರಂದು ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ತಿಂಗಳಿಗೆ 2,000 ರೂಪಾಯಿಯ ಆ ಯೋಜನೆಗೆ ಒಂದೇ ಸಲ ನುಗ್ಗದಂತೆ ಮನೆಯ ಯಜಮಾನಿಗೆ ಎಸ್ಸೆಮ್ಮೆಸ್ಸಿನಲ್ಲಿ ದಿನ, ಹೊತ್ತು, ಕೇಂದ್ರ ತಿಳಿಸುವ ಏರ್ಪಾಡನ್ನು ಮೊದಲಿಗೆ ಮಾಡಿದ್ದರು. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಬಹಳ ಒಳ್ಳೆಯ ಯೋಚನೆ: ಪಾಳಿಯನ್ನು ಯಂತ್ರದ ಬಾಗಿಲಲ್ಲಿ ನಿಲ್ಲಿಸುವ ಬದಲು ಕ್ಯಾಲೆಂಡರಿನಲ್ಲಿ ಹರಡುವುದು. ಗಂಟೆಗೆ ಎಷ್ಟು ಮಂದಿಯನ್ನು ಕರೆಯಬೇಕು ಎಂಬುದಕ್ಕೆ ಉತ್ತರ ಸಿಗುವುದು ಮಾತ್ರ ಆ ಹತ್ತು-ಹದಿನೈದು ಸಾಲಿನ ಚೀಟಿಯಲ್ಲೇ.

ಪಾಳಿಯಲ್ಲಿ ನಿಂತವರೆಲ್ಲ ಗಿರಾಕಿಗಳೇ ಆಗಿರಬೇಕೆಂದೂ ಇಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಾಣ ದಿನಗಟ್ಟಲೆ ತೊಳಲಾಡಿತು. ಋಣಭಾರ ಪತ್ರದ ಹುಡುಕಾಟಕ್ಕೆ ಸುಳ್ಳು ಖಾತೆಗಳಿಂದ ಕೋರಿಕೆಗಳ ಮಳೆ ಸುರಿಸಲಾಗಿತ್ತು, ಪ್ರಕರಣ ಸೈಬರ್ ಪೊಲೀಸರ ತನಕ ಹೋಯಿತು. ಹೊರಗೆ ನಿಂತವರಿಗೆ ಇದೂ ‘ಸರ್ವರ್ ಇಲ್ಲ’ ಎಂದೇ ಕಂಡಿತು. ನಿತ್ಯದ ಲೆಕ್ಕ ಇಟ್ಟವನಿಗೆ ಮಾತ್ರ ವ್ಯತ್ಯಾಸ ಕಾಣುತ್ತದೆ: ಸೋಮವಾರ ಬೆಳಗ್ಗೆ 11ಕ್ಕೆ ಇಷ್ಟು, ಭಾನುವಾರ ರಾತ್ರಿ ಇಷ್ಟು ಎಂಬ ವಾರಗಳ ನಕ್ಷೆ ಕೈಯಲ್ಲಿದ್ದರೆ ಅಕಾಲದ ಏರು ತಾನೇ ಎದ್ದು ತೋರುತ್ತದೆ. ಹೊಲದ ಬದು ಗೊತ್ತಿದ್ದವನಿಗಷ್ಟೇ ಒತ್ತುವರಿ ಕಾಣುವುದು.

ಹೀಗೆ ಲೆಕ್ಕ ಇಡಲು ಹಣ ಬೇಕಿಲ್ಲ. ನಾಗಿಯೋಸ್ 1999ರಿಂದಲೂ ಇದೆ, ಲಾಟ್ವಿಯದ ಝಬಿಕ್ಸ್ ಇದೆ, 2012ರಲ್ಲಿ ಸೌಂಡ್‌ಕ್ಲೌಡ್ ಎಂಬ ಸಂಗೀತ ತಾಣದಲ್ಲಿ ಹುಟ್ಟಿದ ಪ್ರೊಮಿಥಿಯಸ್ ಇದೆ. ಎಲ್ಲವೂ ಮುಕ್ತ ತಂತ್ರಾಂಶ. ನಾನಾದರೆ ಪ್ರೊಮಿಥಿಯಸ್ ಆರಿಸುತ್ತೇನೆ. ಪಿಎಚ್‌ಪಿ 8.1ರಿಂದ ಎಫ್‌ಪಿಎಂನ ಚೀಟಿ ಅದಕ್ಕೆ ಅರ್ಥವಾಗುವ ರೂಪದಲ್ಲೇ ಸಿಗುತ್ತದೆ. ಪ್ರೊಮಿಥಿಯಸ್ 15 ಸೆಕೆಂಡಿಗೊಮ್ಮೆ ಬಂದು ಚೀಟಿ ಓದಿಕೊಂಡು ಹೋಗುತ್ತದೆ, ಗ್ರಾಫಾನಾ ಅದನ್ನು ಗೆರೆಯಾಗಿ ಎಳೆಯುತ್ತದೆ. ಚೀಟಿಯ ವಿಳಾಸವನ್ನು ಮಾತ್ರ ಹೊರಗಿನವರಿಗೆ ಬಿಡಬಾರದು. ಅದರ ವಿಸ್ತೃತ ರೂಪದಲ್ಲಿ ಈ ಕ್ಷಣ ಯಾವ ಕೆಲಸಗಾರ ಯಾವ ಕೋರಿಕೆ ನೋಡುತ್ತಿದ್ದಾನೆ ಎಂದು ಪೂರ್ತಿ ಬರೆದಿರುತ್ತದೆ, ಯಾರದೋ ಮೊಬೈಲ್ ನಂಬರು ಅದರೊಳಗೆ ಇಣುಕಬಹುದು. ವಿಕಿಮೀಡಿಯದವರು ತೆರೆದಿಟ್ಟಿರುವುದು ಒಟ್ಟು ಲೆಕ್ಕದ ನಕ್ಷೆಯನ್ನು, ಗಿರಾಕಿಗಳ ಹೆಸರನ್ನಲ್ಲ.

ಎಚ್ಚರಿಕೆಯ ಗಂಟೆ ಕಟ್ಟುವುದರಲ್ಲಿ ಜಿಪುಣತನ ಬೇಕು. ಎಲ್ಲ ಅಂಕಿಗೂ ಗಂಟೆ ಕಟ್ಟಿದವನ ಫೋನು ದಿನಕ್ಕೆ ನೂರು ಸಲ ಬಡಿದುಕೊಳ್ಳುತ್ತದೆ, ವಾರದಲ್ಲಿ ಅವನು ಅದನ್ನು ದಿಂಬಿನ ಕೆಳಗೆ ತಳ್ಳುತ್ತಾನೆ. ನನ್ನ ಪಟ್ಟಿ ಚಿಕ್ಕದು. ಪಾಳಿ ಒಂದು ನಿಮಿಷ ಪೂರ್ತಿ 0ಗೆ ಇಳಿಯದಿದ್ದರೆ ಎಬ್ಬಿಸು. ಐದು ನಿಮಿಷ ಸತತವಾಗಿ ಹತ್ತರಲ್ಲಿ ಎಂಟು ಮಂದಿ ದುಡಿಯುತ್ತಲೇ ಇದ್ದರೆ ಸಂದೇಶ ಕಳಿಸು, ಎಬ್ಬಿಸಬೇಡ. ‘ಗರಿಷ್ಠ ಮುಟ್ಟಿದ’ ಲೆಕ್ಕ ಏರಿದರೆ ಬೆಳಗ್ಗೆ ಹೇಳು ಸಾಕು. ಇವಿಷ್ಟೂ ಒಳಗಿನ ಕಾವಲು. ಹೊರಗಿನದು ಒಂದೇ: ನಿಮಿಷಕ್ಕೊಮ್ಮೆ ಡೇಟಾಬೇಸ್ ಮುಟ್ಟಿ ಬರುವ ಒಂದು ನಿಜವಾದ ಪುಟವನ್ನು ಕೇಳುವುದು, ಅದನ್ನೂ ಡೇಟಾ ಕೇಂದ್ರದ ಪಕ್ಕದ ಕೋಣೆಯಿಂದ ಕೇಳದೆ ಕಲಬುರಗಿ ಜಿಲ್ಲೆಯ ಒಂದು ಸಾದಾ ಮೊಬೈಲ್ ಸಿಮ್‌ನಿಂದ ಕೇಳುವುದು. ಬೆಂಗಳೂರಿನ ಕಚೇರಿಯಲ್ಲಿ ಅರೆಕ್ಷಣದಲ್ಲಿ ತೆರೆದ ಪುಟ ಊರ ಕಟ್ಟೆಯ ಮೇಲೆ ತೆರೆಯಲೇಬೇಕೆಂದಿಲ್ಲ.

ಇಷ್ಟೆಲ್ಲ ಕಾವಲು ಇಟ್ಟರೂ ಅಂಕಿ ಹೋಗಿ ತಲುಪುವುದು ಎಂಜಿನಿಯರಿನ ಪರದೆಗೆ. ಕಿಟಕಿಯ ಹುಡುಗನಿಗೆ ಅದು ಸಿಗುವುದಿಲ್ಲ. ಅವನು ಸುಳ್ಳು ಹೇಳುತ್ತಿಲ್ಲ, ಅವನಿಗೂ ಚಕ್ರವೇ ಗತಿ. ವಿಕಿಮೀಡಿಯದವರು 2022ರಲ್ಲಿ ತಂತ್ರಜ್ಞಾನ ತಿಳಿಯದವರಿಗೆಂದೇ ಒಂದು ಸಣ್ಣ ಸ್ಥಿತಿಪುಟ ತೆರೆದರು: ಈಗ ಎಲ್ಲ ಸರಿಯಿದೆಯೇ, ಇಲ್ಲವೇ, ನಿಧಾನವೇ. ನಮ್ಮ ಪೋರ್ಟಲ್‌ಗಳ ತಲೆಯ ಮೇಲೆ ಅಂಥ ಒಂದು ಸಾಲು ಬೇಕು, ಅಥವಾ ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಬರುವ ಎಸ್ಸೆಮ್ಮೆಸ್. ಪಾಳಿಯ ಅಂಕಿ ಯಂತ್ರದಲ್ಲಿ ಈಗಾಗಲೇ ಇದೆ, 15 ಸೆಕೆಂಡಿಗೊಮ್ಮೆ ಯಾರೋ ಓದುತ್ತಿರಲೂಬಹುದು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಆಳಂದದ ಬಸ್ಸು ಪುಕ್ಕಟೆ, ತೊಗರಿ ಕೊಯ್ಲಿನ ದಿನದ ಕೂಲಿ ಪುಕ್ಕಟೆಯಲ್ಲ. ಊರ ಬಸ್ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತವಳು ಬಸ್ಸು ಹತ್ತುವ ಮುಂಚೆ ಕೇಂದ್ರಕ್ಕೆ ಫೋನು ಹಚ್ಚಿ ‘ಸರ್ವರ್ ಅದ ಏನ್ರಿ?’ ಎಂದು ಕೇಳುತ್ತಾಳೆ. ಅದಕ್ಕೆ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರ. ಅವಳು ಕೇಳಬೇಕಾದ್ದು ಬೇರೆ: ಪಾಳಿ ಎಷ್ಟ್ ಉದ್ದ ಅದ?